ಏಳು ಖಾನೆಯ ಸಂಚಿ

ಗುರುಬಸಮ್ಮನ ಸಂಚಿ ಹರಿದದ್ದು ನಡುಬೀದಿಯಲ್ಲಿ, ಸೊಪ್ಪಿನವಳ ಬುಟ್ಟಿಯ ಮುಂದೆ. ಹರಿಯುವುದಕ್ಕೆ ಅದಕ್ಕೇನು ಮನೆಯೊಳಗೆ ಜಾಗವಿರಲಿಲ್ಲವೇ? ಇತ್ತು. ಆದರೆ ಹಾಳಾದ ಬಟ್ಟೆ ಮಾನ ಕಳೆಯಬೇಕೆಂದರೆ ನಾಲ್ಕು ಜನ ಸೇರಿದ ಕಡೆಯೇ ಕಳೆಯುತ್ತದೆ. ಎರಡು ಕಟ್ಟು ಮೆಂತೆಸೊಪ್ಪಿಗೆ ಚಿಲ್ಲರೆ ತೆಗೆಯಲು ಕೈ ಹಾಕಿದಳು, ತಳದ ಹೊಲಿಗೆ ಪರ್ ಎಂದಿತು, ಕಾಸೆಲ್ಲ ಮಣ್ಣುಪಾಲಾಯಿತು. ಸೊಪ್ಪಿನವಳೇ ಬಗ್ಗಿ ಆರಿಸಿಕೊಟ್ಟಳು. ಗುರುಬಸಮ್ಮ ಬಗ್ಗಲಿಲ್ಲ. ಬಗ್ಗಿದ್ದರೆ ಅವಳ ಗುಟ್ಟು ಅಲ್ಲೇ ರಟ್ಟಾಗುತ್ತಿತ್ತು. ಮಣ್ಣಿನ ಮೇಲೆ ಬಿದ್ದ ಕಾಸು ಅವಳ ಕಣ್ಣಿಗೆ ಕಾಣುತ್ತಿರಲಿಲ್ಲ.

ಇದು ಎಪ್ಪತ್ತೆಂಟನೆಯ ಇಸವಿಯ ಮಾತು. ಅದಕ್ಕೂ ಎರಡು ವರ್ಷ ಮೊದಲೇ ಅವಳ ಕಣ್ಣಿಗೆ ಮಂಜು ಕವಿಯಲು ಶುರುವಾಗಿತ್ತು. ಅವರಿದ್ದ ಬಳ್ಳಾರಿಯಲ್ಲೇ ಕಣ್ಣಿನ ಶಿಬಿರ ನಡೆದಾಗ ಯಾರಿಗೂ ಹೇಳದೆ ಒಬ್ಬಳೇ ಹೋಗಿ ಸಾಲಿನಲ್ಲಿ ನಿಂತಿದ್ದಳು. ಪೊರೆ ಬಂದಿದ್ದರೆ ತೆಗೆಯುತ್ತಾರೆ, ಒಂದು ತಿಂಗಳು ಹಸಿರು ಬಟ್ಟೆ ಕಟ್ಟಿಕೊಂಡರಾಯಿತು ಎಂದು ಅಂದುಕೊಂಡಿದ್ದಳು. ಡಾಕ್ಟರು ದೀಪ ಹಿಡಿದು ಬಹಳ ಹೊತ್ತು ನೋಡಿದರು. ಪೊರೆಯಲ್ಲ, ಒಳಗಿನ ನರ ಒಣಗುತ್ತಿದೆ, ಇದಕ್ಕೆ ಆಪರೇಷನ್ನೂ ಇಲ್ಲ ಕನ್ನಡಕವೂ ಇಲ್ಲ ಎಂದರು. ಅವಳು ಮನೆಗೆ ಬಂದು ರೊಟ್ಟಿ ಬಡಿದಳು. ರಾತ್ರಿ ಗಂಡ ಉಣ್ಣುವಾಗಲೂ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ಹೇಳದೆ ಇದ್ದುಬಿಡುವುದೇ ರೂಢಿಯಾಯಿತು.

ಯಾಕೆ ಹೇಳಲಿಲ್ಲ ಎಂದರೆ ಆ ಮನೆಯ ರಿವಾಜು ಗೊತ್ತಿರಬೇಕು. ಗಾಂಧಿನಗರದ ಹಿಂದಿನ ಗಲ್ಲಿಯ ಆ ಮನೆಯಲ್ಲಿ ದುಡಿದ ದುಡ್ಡು ಗಂಡಸಿನ ಜೇಬಿನಲ್ಲಿ ಒಂದು ರಾತ್ರಿ ಉಳಿಯುವಂತಿಲ್ಲ. ಶನಿವಾರ ಸಂಜೆ ಮನೆಯೊಡತಿ ಪಡಸಾಲೆಯ ಕಂಬಕ್ಕೆ ಒರಗಿ ಕೂತು, ಸೊಂಟದ ಸಂಚಿ ತೆಗೆದು, ಮೊದಲನೆಯ ಖಾನೆಯ ಬಾಯಿಯನ್ನು ಎರಡು ಬೆರಳಿನಿಂದ ಅಗಲಿಸಿ ಹಿಡಿಯಬೇಕು. ದುಡಿದವರು ಬಂದು ತಮ್ಮ ಕೈಯಾರೆ ಅದರೊಳಗೆ ಸಂಬಳ ಹಾಕಬೇಕು. ಆಮೇಲೆ ಬೀಡಿಗೆ ಬೇಕಾದರೂ ಅವಳನ್ನೇ ಕೇಳಬೇಕು. ಗಂಡ ಗಾದಿಲಿಂಗಪ್ಪ ಹತ್ತಿ ದಲಾಲರ ಅಂಗಡಿಯಲ್ಲಿ ಗುಮಾಸ್ತ, ಮಗ ಚಂದ್ರಣ್ಣ ಜಿನ್ನಿಂಗ್ ಮಿಲ್ಲಿನಲ್ಲಿ ಫಿಟ್ಟರ್. ಹೊರಗೆ ಇಬ್ಬರೂ ಮೀಸೆ ತಿರುವುವವರೇ. ಶನಿವಾರ ಸಂಜೆ ಮಾತ್ರ ಇಬ್ಬರೂ ಅವಳ ಮುಂದೆ ಬಗ್ಗುತ್ತಿದ್ದರು.

ಸಂಚಿ ಇದ್ದವಳೇ ಮನೆಯವಳು. ಇಲ್ಲದವಳು ಏನು ಎಂಬುದನ್ನು ಗುರುಬಸಮ್ಮ ಕಣ್ಣಾರೆ ಕಂಡಿದ್ದಳು. ಅವಳ ಅತ್ತೆ ವೀರಭದ್ರಮ್ಮನಿಗೂ ಕೊನೆಗೆ ಕಣ್ಣು ಮಂದವಾಗಿತ್ತು. ಒಂದು ಸಲ ಹಾಲಿನವನಿಗೆ ಒಂದು ರೂಪಾಯಿ ಎಂದು ಐದರ ನೋಟು ಕೊಟ್ಟುಬಿಟ್ಟಳು. ಅವತ್ತೇ ಗುರುಬಸಮ್ಮ ಹತ್ತಿರ ಕೂತು, "ಇನ್ನ ಸಾಕು ಬಿಡ್ರಿ ಅತ್ತಿ, ಎಷ್ಟಂತ ಜೀವ ತೇಯ್ತೀರಿ, ಆರಾಮ ಕುಂದ್ರಿ" ಎಂದು ಪ್ರೀತಿಯಿಂದಲೇ ಹೇಳಿ ಸಂಚಿಯನ್ನು ಅವಳ ಸೊಂಟದಿಂದ ಬಿಡಿಸಿಕೊಂಡಿದ್ದಳು. ಅದರಲ್ಲಿ ಕಪಟವಿರಲಿಲ್ಲ. ಆದರೆ ಮನೆತುಂಬ ಗದರಿಕೊಂಡು ಓಡಾಡುತ್ತಿದ್ದ ಹೆಂಗಸು ಅವತ್ತಿನಿಂದ ಮೂಲೆ ಹಿಡಿದಳು. ಎಲೆ ಅಡಿಕೆಗೆ ನಾಲ್ಕಾಣೆ ಕೇಳುವ ಮೊದಲು ಎರಡು ಸಲ ಕೆಮ್ಮುತ್ತಿದ್ದಳು. ಆ ಕೆಮ್ಮು ಗುರುಬಸಮ್ಮನ ಕಿವಿಯಲ್ಲಿ ಈಗಲೂ ಇತ್ತು.

ತನಗೆ ಆ ಗತಿ ಬಾರದಿರಲಿ ಎಂದು ಅವಳು ಸಂಚಿಯನ್ನೇ ಕಣ್ಣು ಮಾಡಿಕೊಂಡಿದ್ದಳು. ಕುರುಗೋಡಿನ ಸುಂಕಮ್ಮ ಕೈಯಲ್ಲಿ ಹೊಲಿದ ಸಂಚಿ ಅದು. ಏಳು ಖಾನೆ, ಒಂದರಂತೆ ಇನ್ನೊಂದಿಲ್ಲ. ಮೊದಲನೆಯದಾದ ಕಿರಾಣಿಯದು ಅಂಗೈ ಅಗಲ, ಹಾಲಿನದು ಎರಡೇ ಬೆರಳು ಹಿಡಿಸುವಷ್ಟು, ದವಾಖಾನೆಯದಕ್ಕೆ ಅಂಚಿನಲ್ಲಿ ದಪ್ಪ ದಾರದ ಕಸೂತಿ, ಎಲ್ಲಕ್ಕಿಂತ ಒಳಗೆ ದೇವರ ಮುಡಿಪಿನ ಪುಟ್ಟ ಖಾನೆ. ಹಾಕುವಾಗ ಹಗಲು ಬೆಳಕಿನಲ್ಲಿ ಹಿತ್ತಲಲ್ಲಿ ಕೂತು, ನೋಟುಗಳನ್ನು ಮುಖದ ಹತ್ತಿರ ಹಿಡಿದು ನೋಡಿ, ಎರಡರ ನೋಟಿಗೆ ಒಂದು ಮಡಿಕೆ, ಐದಕ್ಕೆ ಎರಡು, ಹತ್ತಕ್ಕೆ ಸುರುಳಿ ಸುತ್ತಿ ಇಡುತ್ತಿದ್ದಳು. ಚಿಲ್ಲರೆಗೆ ಕಣ್ಣೇ ಬೇಡ. ಐದು ಪೈಸೆಗೆ ನಾಲ್ಕು ಮೂಲೆ, ಹತ್ತು ಪೈಸೆಯ ಅಂಚು ಅಲೆ ಅಲೆ, ನಾಲ್ಕಾಣೆ ದುಂಡಗೆ. ಒಂದಕ್ಕೆಂದು ಇಟ್ಟ ದುಡ್ಡು ಇನ್ನೊಂದಕ್ಕೆ ಹೋಗುತ್ತಿರಲಿಲ್ಲ. ಕಣ್ಣಿದ್ದವರ ಮನೆಯಲ್ಲಿ ತಿಂಗಳ ಕೊನೆಗೆ ಕೈಸಾಲ ಇರುತ್ತಿತ್ತು, ಅವಳ ಮನೆಯಲ್ಲಿ ಇರುತ್ತಿರಲಿಲ್ಲ.

ಈಗ ಅದು ಹರಿಯಿತು. ಹರಿದದ್ದು ಹೊಸದೇನಲ್ಲ. ಐದಾರು ವರ್ಷಕ್ಕೊಮ್ಮೆ ಹರಿಯುತ್ತಿತ್ತು, ಕುರುಗೋಡಿನ ಕಡೆಯಿಂದ ಬರುವ ಬಳೆಗಾರನ ಕೈಲಿ ಹೇಳಿ ಕಳಿಸಿದರೆ ಸುಂಕಮ್ಮನ ಕೈಯ ಹೊಸ ಸಂಚಿ ಅದೇ ಅಳತೆಯಲ್ಲಿ ಬರುತ್ತಿತ್ತು. ಈ ಸಲ ಬಳೆಗಾರ ಬರಿಗೈಯಲ್ಲಿ ಬಂದ.

"ಆ ಮುದುಕಿ ಸಂಚಿ ಹೊಲಿಯೋದು ಬಿಟ್ಟಾಳಂತ ಯಕ್ಕಾ. ಈಗ ಯಾರು ತೊಗೋತಾರ ಅದನ್ನ? ಎಲ್ಲಾರಿಗೂ ಜಿಪ್ಪಿನ ಪರ್ಸು ಬೇಕು" ಎಂದ.

ಜಿಪ್ಪಿನ ಪರ್ಸನ್ನೂ ನೋಡಿದ್ದಾಯಿತು. ಸೊಸೆ ಜಡೆಮ್ಮನೇ ಬೆಂಗಳೂರು ರೋಡಿನ ಅಂಗಡಿಗಳಿಗೆ ಕರೆದುಕೊಂಡು ಹೋದಳು. ಮದುವೆಯಾಗಿ ಬಂದು ವರ್ಷವಾಗಿದ್ದ ಹುಡುಗಿ, ಸಿರುಗುಪ್ಪದ ಹತ್ತಿರದ ರಾರಾವಿಯವಳು, ಹತ್ತನೆಯ ಇಯತ್ತೆ ಓದಿದವಳು, ಅತ್ತೆ ಎಂದರೆ ಪ್ರಾಣ. ಅದೇ ಕಷ್ಟ. ಸೊಸೆ ಕೆಟ್ಟವಳಾಗಿದ್ದರೆ ಜಗಳವಾಡಿ ಗೆಲ್ಲಬಹುದು, ಒಳ್ಳೆಯವಳ ಮುಂದೆ ಏನು ಮಾಡುವುದು? ಅಂಗಡಿಯವನು ಕೆಂಪು ಪ್ಲಾಸ್ಟಿಕ್ಕಿನದು, ಕರಿಯದು, ಮೇಲೆ ನವಿಲು ಇದ್ದದ್ದು, ಎಲ್ಲ ಹರವಿದ. ಒಂದಕ್ಕೆ ಒಂದು ಖಾನೆ, ಇನ್ನೊಂದಕ್ಕೆ ಎರಡು.

"ಏಳು ಖಾನಿದು ಇಲ್ಲೇನಪ್ಪಾ?"

"ಏಳು ಖಾನಿ ತುಂಬಾಕ ಅಷ್ಟು ರೊಕ್ಕ ಯಾರ ಹತ್ರ ಐತಿ ತಾಯಿ?" ಎಂದು ನಕ್ಕ ಅಂಗಡಿಯವನು. ಜಡೆಮ್ಮನೂ ನಕ್ಕಳು. ಗುರುಬಸಮ್ಮನಿಗೆ ಅವನ ಕೆನ್ನೆಗೆ ಎರಡು ಬಿಡಬೇಕು ಎನಿಸಿತು. ಕೆನ್ನೆ ಎಲ್ಲಿದೆ ಎಂದು ಕಂಡಿದ್ದರೆ ಬಿಟ್ಟೂ ಬಿಡುತ್ತಿದ್ದಳೇನೋ.

ಗಲ್ಲಿಯ ಮೂಲೆಯ ಟೇಲರ್ ಮಾರೆಣ್ಣ, "ನಾ ಹೊಲ್ಕೊಡ್ತೀನಿ ಬಿಡಕ್ಕಾ, ಅದೇನು ದೊಡ್ಡ ಕೋಟಾ?" ಎಂದು ಒಪ್ಪಿಕೊಂಡ. ಹರಿದ ಸಂಚಿಯನ್ನು ನೋಡಿಕೋ ಎಂದು ಎಷ್ಟು ಹೇಳಿದರೂ, ನೋಡುವುದೇನಿದೆ ಎಂದು ಪಕ್ಕಕ್ಕಿಟ್ಟ. ಮಷಿನ್ನಿನಲ್ಲಿ ಗಡಗಡ ಹೊಲಿದು ಕೊಟ್ಟ. ಏಳು ಖಾನೆಗಳೇನೋ ಇದ್ದವು, ಆದರೆ ಏಳೂ ಒಂದೇ ಅಗಲ, ಒಂದೇ ಅಂಚು. ಸಾಲದ್ದಕ್ಕೆ ಬಲಸೊಂಟಕ್ಕೆ ಸಿಕ್ಕಿಸುವಂತೆ ಹೊಲಿದಿದ್ದ. ಅವಳ ಮನೆಯ ಹೆಂಗಸರು ತಲೆತಲಾಂತರದಿಂದ ಎಡಸೊಂಟಕ್ಕೆ ಸಿಕ್ಕಿಸುವವರು. ಎಡಕ್ಕೆ ಸಿಕ್ಕಿಸಿದರೆ ಮೊದಲಿನದು ಕೊನೆಗೆ, ಕೊನೆಯದು ಮೊದಲಿಗೆ.

"ಎಂಗೈತಕ್ಕಾ?"

"ಚಲೋ ಐತಪ್ಪಾ" ಎಂದಳು. ಹರಿದದ್ದಕ್ಕಿಂತ ವಾಸಿ ಎಂದು ಸಮಾಧಾನ ಮಾಡಿಕೊಂಡು ಅದನ್ನೇ ಸಿಕ್ಕಿಸಿಕೊಂಡಳು.

ಅನಾಹುತವಾಗಲು ಬಹಳ ದಿನ ಬೇಕಾಗಲಿಲ್ಲ. ಗಾಣದ ಎಣ್ಣೆಯವಳು ಬಾಗಿಲಿಗೆ ಬಂದಳು. ಗುರುಬಸಮ್ಮ ಕಿರಾಣಿಯ ಖಾನೆಗೆ ಎಂದು ಕೈ ಹಾಕಿ ನೋಟು, ಚಿಲ್ಲರೆ ಎಣಿಸಿ ಕೊಟ್ಟಳು. ಎಣ್ಣೆಯವಳು ಗಲ್ಲಿ ದಾಟಿ ಹೋದ ಮೇಲೆ ಬೆರಳ ತುದಿ ಯಾಕೋ ನುಣ್ಣಗೆ, ಪುಡಿಪುಡಿಯಾಗಿ ಹತ್ತಿತು. ಮೂಸಿ ನೋಡಿದಳು. ವಿಭೂತಿ! ಮುಡಿಪಿನ ದುಡ್ಡಿಗೆ ವಿಭೂತಿ ಹಚ್ಚಿ ಇಡುವುದು ಅವರ ಮನೆಯ ಪದ್ಧತಿ. ಸೊಸೆಗೆ ಮೂರು ತಿಂಗಳು ತುಂಬಿದಾಗ, ಹೆರಿಗೆ ಸುಸೂತ್ರವಾಗಲಿ ಎಂದು ಕುರುಗೋಡಿನ ದೊಡ್ಡ ಬಸಪ್ಪನಿಗೆ ಕಟ್ಟಿದ ಮುಡಿಪು ಅದು. ಅದನ್ನು ಶೇಂಗಾ ಎಣ್ಣೆಗೆ ಕೊಟ್ಟು ಕೂತಿದ್ದಳು.

ಬೇರೆ ಮನೆಯವರು ನಕ್ಕು, ಕಿರಾಣಿಯ ದುಡ್ಡು ಅಷ್ಟನ್ನೇ ತೆಗೆದು ದೇವರಿಗೆ ಇಡು ಎನ್ನುತ್ತಿದ್ದರು. ಅವಳಿಗೆ ಅದು ಆಗದ ಮಾತು. ಹೆಸರು ಹೇಳಿ ಇಟ್ಟ ದುಡ್ಡು ಬೇರೆ, ಇಡದ ದುಡ್ಡು ಬೇರೆ. ಇಷ್ಟು ವರ್ಷ ಮನೆ ನಡೆದದ್ದೇ ಆ ಲೆಕ್ಕದ ಮೇಲೆ. ಬಸುರಿ ಸೊಸೆ ಒಳಗೆ ಹಾಡಿಕೊಂಡು ಅಕ್ಕಿ ಆರಿಸುತ್ತಿದ್ದಳು. ಗುರುಬಸಮ್ಮ ಹೊಸ್ತಿಲಲ್ಲಿ ಎಣ್ಣೆಯ ತಂಬಿಗೆ ಹಿಡಿದು ನಿಂತು ಅತ್ತಳು. ಹೆದರಿಕೆಗೆ ಅತ್ತಳು, ಸಿಟ್ಟಿಗೂ ಅತ್ತಳು.

ಮುಂದಿನ ಸೋಮವಾರ, ದೊಡ್ಡ ಬಸಪ್ಪನಿಗೆ ಕಾಯಿ ಒಡೆಸಿಕೊಂಡು ಬರುತ್ತೇನೆ ಎಂದು ಕುರುಗೋಡಿನ ಬಸ್ಸು ಹತ್ತಿದಳು. ಒಬ್ಬಳನ್ನೇ ಕಳಿಸುವುದಿಲ್ಲ ಎಂದು ಜಡೆಮ್ಮನೂ ಹೊರಟಳು. ಇಳಿಯುವಾಗ, ನಡೆಯುವಾಗ, ಮೊಣಕಾಲು ನೋವು ಎಂದು ಹೇಳಿ ಗುರುಬಸಮ್ಮ ಸೊಸೆಯ ಹೆಗಲು ಹಿಡಿದಳು. ಗುಡಿಯಲ್ಲಿ ಆ ದೊಡ್ಡ ಬಸವಣ್ಣನ ಮುಂದೆ ನಿಂತರೂ ಅವಳಿಗೆ ಕಂಡದ್ದು ಕತ್ತಲೆಯೇ. ಕಲ್ಲಿನ ಪಾದ ತಡವಿ, ತಪ್ಪುಕಾಣಿಕೆ ಹಾಕಿ, "ನಂದು ತಪ್ಪಾತೋ ಬಸಪ್ಪಾ, ಹುಡುಗಿಗೆ ಏನೂ ಮಾಡಬ್ಯಾಡ" ಎಂದು ಬೇಡಿಕೊಂಡಳು. ಆಮೇಲೆ ಸುಂಕಮ್ಮನ ಮನೆ ಹುಡುಕಿದರೆ ಬಾಗಿಲಿಗೆ ಬೀಗ. ಪಕ್ಕದ ಮನೆಯವಳು ಮೊರ ಹಿಡಿದುಕೊಂಡೇ ಹೊರಗೆ ಬಂದಳು.

"ಸುಂಕಮ್ಮಜ್ಜಿ ಸಿರುಗುಪ್ಪದಾಗ ಮಗಳ ಮನ್ಯಾಗ ಐತ್ರಿ. ರೈಸ್ ಮಿಲ್ಲಿನ ಹಿಂದ ಮನಿ. ಇಲ್ಲಿ ಯಾರು ನೋಡ್ಕಂತಾರ?"

ಜಡೆಮ್ಮನ ಮುಖ ಅರಳಿತು. "ಸಿರುಗುಪ್ಪ ಅಂದ್ರ ನಮ್ಮೂರಿನ ಬಾಗ್ಲ ಇದ್ದಂಗ ಅತ್ತಿ. ಬರೋ ವಾರ ನಾನು ಕರ್ಕೊಂಡ್ ಹೋಗ್ತೀನಿ. ಒಂದು ಸಂಚಿಗಂತ ನೀವು ಇಷ್ಟು ಕೊರಗಬ್ಯಾಡ್ರಿ."

ಹಾಗೆ ಮುಂದಿನ ವಾರ ಸಿರುಗುಪ್ಪಕ್ಕೂ ಹೋದರು. ತೆಕ್ಕಲಕೋಟೆ ದಾಟಿದ ಮೇಲೆ ಕಿಟಕಿಯಿಂದ ಗದ್ದೆಯ ಕೆಸರಿನ ವಾಸನೆ ಬಂತು. ಜಡೆಮ್ಮ ತವರಿನ ಹುರುಪಿನಲ್ಲಿ ಅಲ್ಲಿ ನೋಡ್ರಿ ಕೊಕ್ಕರೆ, ಇಲ್ಲಿ ನೋಡ್ರಿ ಕಾಲುವೆ ಎಂದು ತೋರಿಸುತ್ತಿದ್ದಳು. ಗುರುಬಸಮ್ಮ ಅವಳು ತೋರಿಸಿದ ಕಡೆಗೆಲ್ಲ ಮುಖ ತಿರುಗಿಸಿ, ಹೌದೌದು ಎನ್ನುತ್ತಿದ್ದಳು. ಕುರುಗೋಡಿಗೆ ಹೋಗುವಾಗ ಇದ್ದ ಆಸೆಯೆಲ್ಲ ಸೇರಿ ಈಗ ಒಂದೇ ಕಡೆ ನಿಂತಿತ್ತು. ಸುಂಕಮ್ಮ ಸಿಕ್ಕರೆ ಎಲ್ಲ ಸರಿಹೋಗುತ್ತದೆ ಎಂದು ಅವಳು ನಂಬಿದ್ದಳು.

ಸುಂಕಮ್ಮ ಸಿಕ್ಕಳು. ಮಗಳ ಮನೆಯ ಕಟ್ಟೆಯ ಮೇಲೆ ಗೋಣಿಚೀಲ ಹಾಸಿಕೊಂಡು ಕೂತಿದ್ದಳು. ಮಗಳು ಮಿಲ್ಲಿನ ಚೀಲಗಳಿಗೆ ತೇಪೆ ಹಾಕುವ ಕೆಲಸಕ್ಕೆ ಹೋಗಿದ್ದಳು.

"ಬಳ್ಳಾರಿ ಗುರುಬಸಮ್ಮ ಅದೀನಕ್ಕಾ. ನಮ್ಮತ್ತಿ ಕಾಲದಿಂದ ನಿಮ್ಮ ಕೈ ಸಂಚಿನ ನಾವು ಇಟ್ಕೊಳ್ಳೋದು. ಒಂದು, ಒಂದೇ ಒಂದು ಹೊಲ್ಕೊಡ್ರಿ. ಎಷ್ಟರ ಆಗ್ಲಿ."

ಸುಂಕಮ್ಮ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿದಳು. ಜಡೆಮ್ಮ ನೋಡಿದಳು, ಗುರುಬಸಮ್ಮನಿಗೆ ಕಾಣಲಿಲ್ಲ. ಮುದುಕಿ ತಾನೇ ಅವಳ ಕೈ ಹಿಡಿದುಕೊಂಡಾಗ ಗೊತ್ತಾಯಿತು. ಆ ಕೈಗಳು ಗಡಗಡ ನಡುಗುತ್ತಿದ್ದವು, ನಿಲ್ಲುತ್ತಲೇ ಇರಲಿಲ್ಲ.

"ಸೂಜಿಗೆ ದಾರ ಹೋಗೋದು ಹೋಗ್ಲಿ ತಂಗಿ, ಗಂಗಾಳದಾಗಿನ ಅಂಬ್ಲಿ ಬಾಯಿಗೆ ಹೋಗವಲ್ದು. ಮಗಳು ಕುಡಿಸ್ತಾಳ. ನಾ ಎಲ್ಲಿಂದ ಹೊಲೀಲಿ?"

"ಮಗಳಿಗೆ ಕಲಿಸಿಲ್ಲೇನಕ್ಕಾ?"

"ಕಲಿಸಿದ್ರ ಯಾರು ಕೊಳ್ತಾರ? ಅಕಿ ಗೋಣಿ ಹೊಲಿತಾಳ, ಹೊಟ್ಟಿ ತುಂಬತೈತಿ. ಎಲ್ಲಿ, ಹಳೇದು ಇದ್ರ ಕೊಡು ನೋಡೋಣ. ನನ್ನ ಕೈ ಕೆಲಸಾನ ಕಣ್ಣಾರ ನೋಡಿ ಬಾಳ ದಿನ ಆತು."

ಗುರುಬಸಮ್ಮ ಹರಿದ ಸಂಚಿ ಕೊಟ್ಟಳು. ಮುದುಕಿ ಅದನ್ನು ತೊಡೆಯ ಮೇಲೆ ಹರವಿಕೊಂಡು, ನಡುಗುವ ಬೆರಳಿನಿಂದ ಒಂದೊಂದೇ ಖಾನೆಯ ಬಾಯಿ ಮುಟ್ಟಿದಳು. ಮುಟ್ಟುತ್ತ ಮುಟ್ಟುತ್ತ ತಲೆ ಎತ್ತಿ ಗುರುಬಸಮ್ಮನ ಮುಖವನ್ನೇ ನೋಡಿದಳು.

"ನಿನಗ ಕಣ್ಣು ಹೋಗಿ ಎಷ್ಟು ದಿನ ಆತವ್ವಾ?" ಎಂದಳು.

ಗುರುಬಸಮ್ಮ ಸಂಚಿಯನ್ನು ವಾಪಸು ತೆಗೆದುಕೊಳ್ಳಲು ಕೈ ಚಾಚಿದಳು.

"ಎಲ್ಲಾರ ಸಂಚಿ ಹರಿಯೋದು ತಳದಾಗ. ರೊಕ್ಕದ ಭಾರಕ್ಕ. ನಿಂದು ತಳದ ಜೋಡಿ ಏಳೂ ಖಾನಿ ಬಾಯಿನೂ ಸವದಾವ ನೋಡು. ಕಣ್ಣಿದ್ದವ್ರು ಇಣುಕಿ ನೋಡ್ತಾರ, ಬೆರಳಾಡಿಸಂಗಿಲ್ಲ. ನಮ್ಮವ್ವಂದೂ ಕೊನಿಗೆ ಹಿಂಗ ಸವದಿತ್ತು." ಮುದುಕಿಯ ದನಿಯಲ್ಲಿ ಮರುಕವಿತ್ತು, ಅಷ್ಟೇ. ತಾನು ಏನು ಮಾಡಿದೆ ಎಂಬ ಅರಿವು ಪಾಪ ಅವಳಿಗಿರಲಿಲ್ಲ. ಜಡೆಮ್ಮ ಪಕ್ಕದಲ್ಲೇ ನಿಂತಿದ್ದಳು.

ಬಸ್ಸಿನಲ್ಲಿ ಬರುವಾಗ ಜಡೆಮ್ಮ ಕೊಕ್ಕರೆಯನ್ನೂ ತೋರಿಸಲಿಲ್ಲ, ಕಾಲುವೆಯನ್ನೂ ತೋರಿಸಲಿಲ್ಲ. ಅತ್ತೆಯ ಅಂಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಅಳುತ್ತಿದ್ದಳು. ಕಣ್ಣೀರು ಕೈಮೇಲೆ ಬಿದ್ದಾಗ ಗುರುಬಸಮ್ಮನಿಗೆ ತಿಳಿಯಿತು.

"ಮನ್ಯಾಗ ಹೇಳಬ್ಯಾಡವ್ವಾ, ನಿನ್ನ ಕಾಲಿಗೆ ಬೀಳ್ತೀನಿ."

"ಅಂಥ ಮಾತು ಆಡಬ್ಯಾಡ್ರಿ ಅತ್ತಿ. ಹೇಳಂಗಿಲ್ಲ" ಎಂದಳು ಜಡೆಮ್ಮ.

ಹೇಳದಿರಬೇಕೆಂದೇ ಅವಳ ಮನಸ್ಸಿನಲ್ಲಿತ್ತು. ಆದರೆ ಅತ್ತೆ ಒಲೆಯ ಮುಂದೆ ಕೂತಾಗಲೆಲ್ಲ ಅವಳ ಜೀವ ಬಾಯಿಗೆ ಬರುತ್ತಿತ್ತು. ಸೆರಗಿಗೆ ಬೆಂಕಿ ಹತ್ತಿದರೆ? ಬಾವಿಕಟ್ಟೆಯಲ್ಲಿ ಕಾಲು ಜಾರಿದರೆ? ಎರಡು ದಿನ ತಡೆದಳು, ಮೂರನೆಯ ದಿನ ಚಂದ್ರಣ್ಣನ ಮುಂದೆ ಅತ್ತು ಹೇಳಿಬಿಟ್ಟಳು. ಚಂದ್ರಣ್ಣ ಅಪ್ಪನಿಗೆ ಹೇಳಿದ. ಯಾರೂ ಗುರುಬಸಮ್ಮನನ್ನು ಬೈಯಲಿಲ್ಲ, ಒಂದು ಮಾತೂ ಕೇಳಲಿಲ್ಲ. ಮನೆಯಲ್ಲಿ ಇದ್ದಕ್ಕಿದ್ದಂತೆ ಎಲ್ಲರ ದನಿ ಮೆತ್ತಗಾಯಿತು. ಅವಳು ಏಳುವ ಮೊದಲೇ ಒಲೆ ಹೊತ್ತಿರುತ್ತಿತ್ತು, ಕೊಡ ತುಂಬಿರುತ್ತಿತ್ತು. ಗಾದಿಲಿಂಗಪ್ಪ ಹುಟ್ಟಿದಾರಭ್ಯ ಎಂದೂ ಇಲ್ಲದ್ದು, ತಾನುಂಡ ತಾಟನ್ನು ತಾನೇ ಎತ್ತಿಟ್ಟ. ಅದರ ಸದ್ದು ಅವಳು ಕೇಳಿದಳು. ಇವರಿಗೆಲ್ಲ ಗೊತ್ತಾಗಿದೆ ಎಂದು ಆಗಲೇ ತಿಳಿದಳು.

ಶನಿವಾರ ಮಧ್ಯಾಹ್ನ ಜಡೆಮ್ಮ ಬಂದು ಪಕ್ಕದಲ್ಲಿ ಕೂತಳು. "ಅತ್ತಿ, ಕೈ ಚಾಚ್ರಿ" ಎಂದು ಏನನ್ನೋ ಇಟ್ಟಳು.

ಸಂಚಿ! ಹೊಸ ಬಟ್ಟೆಯ ವಾಸನೆ ಇತ್ತು. ಗುರುಬಸಮ್ಮ ಬೆರಳಾಡಿಸಿದಳು. ಕಿರಾಣಿಯದು ಅಂಗೈ ಅಗಲ. ಹಾಲಿನದು ಎರಡು ಬೆರಳು. ದವಾಖಾನೆಯದಕ್ಕೆ ದಪ್ಪ ದಾರದ ಕಸೂತಿ. ಮುಡಿಪಿನದು ಒಳಗೆ, ಪುಟ್ಟದಾಗಿ. ಎಡಸೊಂಟಕ್ಕೆ ಹೇಗೆ ಬೇಕೋ ಹಾಗೆ. ಸುಂಕಮ್ಮನ ಕೈಯೇ ಮತ್ತೆ ಬಂದಂತಿತ್ತು.

"ಹಳೇದನ್ನ ಹೊಲಿಗಿ ಬಿಚ್ಚಿ, ಒಂದೊಂದು ಖಾನಿ ಇಟ್ಟು ಅಳತಿ ತಗದು, ಕೈಲೆ ಹೊಲದೀನ್ರಿ. ಮಷಿನ್ ಮುಟ್ಟಿಲ್ಲ. ಸರಿ ಐತೇನ್ರಿ?"

"ಸರಿ ಐತವ್ವಾ, ಬರೋಬ್ಬರಿ ಐತಿ" ಎಂದಳು ಗುರುಬಸಮ್ಮ. ಎಷ್ಟು ಕಡೆ ಅಲೆದರೂ ಸಿಗದ್ದು ಮನೆಯಲ್ಲೇ ಸಿಕ್ಕಿತ್ತು. ಹುಡುಗಿಯ ಕೆನ್ನೆ ತಡವಿ, ಲಟಿಕೆ ಮುರಿದಳು. ಆಮೇಲೆ ಖಾನೆಯೊಳಗೆ ಕೈ ಹಾಕಿದಳು.

ಕಿರಾಣಿಯ ಖಾನೆಯಲ್ಲಿ ವೀಳ್ಯದೆಲೆ ಇತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟದ್ದು. ಹಾಲಿನದರಲ್ಲಿ ಸುಣ್ಣದ ಡಬ್ಬಿ. ಇನ್ನೊಂದರಲ್ಲಿ ಅಡಿಕೆ, ಮತ್ತೊಂದರಲ್ಲಿ ಲವಂಗ, ಏಲಕ್ಕಿ. ಕಸೂತಿಯ ಖಾನೆಯಲ್ಲಿ ಅಮೃತಾಂಜನದ ಶೀಷೆ. ಏಳೂ ತುಂಬಿದ್ದವು. ಮುಡಿಪಿನ ಖಾನೆಯಲ್ಲಿ ಮಾತ್ರ ಒಂದಷ್ಟು ನಾಲ್ಕಾಣೆ ತಗುಲಿದವು.

"ಅದು ನಿಮ್ಮ ಕೈಖರ್ಚಿಗೆ ಅತ್ತಿ. ಜಂಗಮಯ್ಯ ಬಂದ್ರ ಹಾಕಾಕ, ಎಲಿ ಬೇಕಂದ್ರ ತರಿಸಾಕ. ನೀವು ಯಾರನ್ನೂ ಕೇಳಬಾರ್ದು ನೋಡ್ರಿ, ಅದಕ್ಕ ಇಟ್ಟೀನಿ. ಖಾಲಿಯಾದಂಗೆಲ್ಲ ನಾನ ತುಂಬ್ತೀನಿ." ಹುಡುಗಿ ಅವಳ ಮಂಡಿಯ ಮೇಲೆ ಕೈಯಿಟ್ಟು, "ಇನ್ನ ಸಾಕು ಬಿಡ್ರಿ ಅತ್ತಿ. ಮನಿ ಚಿಂತಿ ನಮಗಿರ್ಲಿ. ಆರಾಮ ಕುಂದ್ರಿ" ಎಂದು ದುಡ್ಡಿದ್ದ ಮಾರೆಣ್ಣನ ಸಂಚಿಯನ್ನು ಅವಳ ಸೊಂಟದಿಂದ ಬಿಡಿಸಿಕೊಂಡು ಹೊಸದನ್ನು ಸಿಕ್ಕಿಸಿದಳು.

ವೀರಭದ್ರಮ್ಮನ ಮುಖ ಆವತ್ತು ಹೇಗಿತ್ತು ಎಂದು ಗುರುಬಸಮ್ಮ ನೆನಪು ಮಾಡಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ. ಆಗ ಕಣ್ಣು ಚೆನ್ನಾಗಿತ್ತು, ಆದರೂ ನೋಡಿರಲಿಲ್ಲ.

ಸಂಜೆ ಎಂದಿನಂತೆ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಎಂದಿನ ಹೊತ್ತಿಗೇ ಬಾಗಿಲಲ್ಲಿ ಗಾದಿಲಿಂಗಪ್ಪನ ಚಪ್ಪಲಿ ಸದ್ದಾಯಿತು, ಅದರ ಹಿಂದೆ ಚಂದ್ರಣ್ಣನದು. ಇಬ್ಬರೂ ಕಾಲು ತೊಳೆದರು. ಜೇಬಿನಿಂದ ನೋಟು ತೆಗೆಯುವ ಸರಬರ ಸದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದು ಕೇಳಿದ ಕೂಡಲೇ ಅವಳ ಕೈ ತಾನಾಗಿಯೇ ಸೊಂಟಕ್ಕೆ ಹೋಗಿ ಸಂಚಿ ತೆಗೆಯಿತು, ಎರಡು ಬೆರಳು ಮೊದಲನೆಯ ಖಾನೆಯ ಬಾಯಿಯನ್ನು ಅಗಲಿಸಿ ಹಿಡಿದವು.

ಹೆಜ್ಜೆಗಳು ಅವಳ ಮುಂದೆ ಬಂದು ನಿಂತವು. ಆಮೇಲೆ ಹೆಜ್ಜೆಗಳು ಅವಳನ್ನು ಬಳಸಿ ಅಡುಗೆಮನೆಯ ಕಡೆಗೆ ಹೋದವು. ಒಳಗೆ ಜಡೆಮ್ಮನ ಟ್ರಂಕಿನ ಮುಚ್ಚಳ ತೆರೆದ ಸದ್ದು ಕೇಳಿತು.

ಅವಳು ಸ್ವಲ್ಪ ಹೊತ್ತು ಹಾಗೆಯೇ ಖಾನೆಯ ಬಾಯಿ ಹಿಡಿದುಕೊಂಡು ಕೂತಿದ್ದಳು. ಆಮೇಲೆ ಅದರೊಳಗಿಂದ ಒಂದು ವೀಳ್ಯದೆಲೆ ತೆಗೆದು ಬಾಯಿಗೆ ಹಾಕಿಕೊಂಡಳು.